ಕಡಲತಳದ ಕಾವಲು ಎಷ್ಟು ಗಟ್ಟಿ?

ಇಂಗಾಲದ ಡೈಆಕ್ಸೈಡನ್ನು ಕಡಲತಳದ ಕೆಳಗಿನ ಕಲ್ಲುಪದರಗಳಲ್ಲಿ ತುಂಬಿದ ಮೇಲೆ ಅದು ಅಲ್ಲೇ ಉಳಿದಿದೆಯೆಂದು ನಂಬುವುದು ಹೇಗೆ? ಉತ್ತರ ಹೇಳಬೇಕಾದದ್ದು ಕಡಲತಳದಲ್ಲಿ ಕೂರಿಸಿದ ಕಾವಲು. ಜಪಾನಿನ ತೊಮಕೊಮಾಯಿಯಲ್ಲಿ 2016ರಲ್ಲಿ ನಡೆದದ್ದನ್ನು ಗಮನಿಸಿದರೆ ಆ ಕಾವಲಿನ ಕೊರತೆ ಎಲ್ಲಿದೆಯೆಂದು ತಿಳಿಯುತ್ತದೆ.

ಹೊಕ್ಕೈಡೊ ದ್ವೀಪದ ಈ ಬಂದರಿನ ಬಳಿ ಆ ವರ್ಷದ ಏಪ್ರಿಲ್‌ನಲ್ಲಿ ಅನಿಲ ತುಂಬಲು ಶುರುಮಾಡಿದರು. ಜೂನ್‌ನಲ್ಲಿ ತಳದ ನೀರನ್ನು ಪರೀಕ್ಷಿಸಿದಾಗ ಇಂಗಾಲದ ಡೈಆಕ್ಸೈಡ್ ನಿಗದಿತ ಮಿತಿಯನ್ನು ದಾಟಿತ್ತು. ಸೋರಿಕೆಯೇನೂ ಆಗಿರಲಿಲ್ಲ, ಅದು ಕಡಲಿನ ಸಹಜ ಏರಿಳಿತ. ಹಾಗಿದ್ದೂ, ನಿಂತಿದ್ದ ಕೆಲಸವನ್ನು ಮತ್ತೆ ಆರಂಭಿಸುವ ಹೊತ್ತಿಗೆ 2017ರ ಫೆಬ್ರುವರಿ ಬಂದಿತ್ತು. ಉಪಕರಣ ಸುಳ್ಳು ಹೇಳಿರಲಿಲ್ಲ; ಮಿತಿಯ ಗೆರೆ ಎಳೆದ ಕ್ರಮವೇ ದುರ್ಬಲವಾಗಿತ್ತು. ಒಂದೇ ಮಳೆಗಾಲ ನೋಡಿ ಹೊಳೆಯ ನೆರೆಮಟ್ಟ ಗುರುತಿಸಿದ ಹಾಗೆ, ಒಂದು ವರ್ಷದ ನಾಲ್ಕು ಋತುಗಳ ಅಳತೆಯನ್ನು ಕಡಲಿನ ಸ್ವಭಾವವೆಂದು ಹಿಡಿದಿದ್ದರು. ಅದರ ಮೇಲೆ, ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲವನ್ನು ಹೀರುತ್ತ ಕಡಲೇ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ.

ಸ್ಕಾಟ್ಲೆಂಡಿನಲ್ಲಿ ಪ್ರಯೋಗ ನಡೆಸಿದ ವಿಜ್ಞಾನಿಗಳು ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಅವರು ಸೋರಿಕೆಯನ್ನು ತಾವೇ ಉಂಟುಮಾಡಿ ನೋಡಿದರು. 2012ರಲ್ಲಿ ಓಬನ್ ಬಳಿಯ ಕೊಲ್ಲಿಯಲ್ಲಿ, ತಳದಿಂದ 11 ಮೀಟರ್ ಕೆಳಗೆ, 37 ದಿನಗಳಲ್ಲಿ 4.2 ಟನ್ ಅನಿಲ ಬಿಟ್ಟರು. ಗುಳ್ಳೆಗಳ ಸದ್ದನ್ನು ಹೈಡ್ರೋಫೋನ್‌ಗಳು ಹಿಡಿದವು. ಆದರೆ ಗುಳ್ಳೆಯಾಗಿ ಹೊರಬಂದದ್ದು ಸುಮಾರು ಶೇ. 15 ಮಾತ್ರ; ಉಳಿದದ್ದರಲ್ಲಿ ಬಹುಪಾಲು ಕೆಸರಿನಲ್ಲೇ ಕರಗಿ ನಿಂತಿತು. ಅಂದರೆ ಗುಳ್ಳೆಯೊಂದನ್ನೇ ನಂಬಿ ಕೂತರೆ ಸೋರಿಕೆಯ ಬಹುಪಾಲು ಲೆಕ್ಕಕ್ಕೇ ಸಿಗದು. 2019ರಲ್ಲಿ ಉತ್ತರ ಸಮುದ್ರದ ಗೋಲ್ಡನ್‌ಐ ಪ್ರದೇಶದಲ್ಲಿ, 120 ಮೀಟರ್ ಆಳದಲ್ಲಿ, ಇನ್ನೂ ದೊಡ್ಡ ತಂಡವೊಂದು ಈ ಪ್ರಯೋಗವನ್ನು ಮುಂದುವರಿಸಿತು. ಅಲ್ಲಿನ ತರ್ಕ ಸರಳ: ಜೀವಿಗಳ ಉಸಿರಾಟದಿಂದ ನೀರಿನಲ್ಲಿ ಇಂಗಾಲ ಏರಿದರೆ ಜೊತೆಗೇ ಆಮ್ಲಜನಕ ಇಳಿಯುತ್ತದೆ, ನೈಟ್ರೇಟ್ ಏರುತ್ತದೆ. ಸೋರಿದ ಅನಿಲ ಬಂದರೆ ಇಂಗಾಲವಷ್ಟೇ ಏರುತ್ತದೆ, ಮಿಕ್ಕೆರಡು ಅಲುಗುವುದಿಲ್ಲ. ಈ ಮೂರನ್ನೂ ಸೆನ್ಸರ್‌ಗಳು ಬಿಡದೆ ಅಳೆದರೆ ಸಹಜವಾದದ್ದೂ ಸೋರಿದ್ದೂ ಬೇರೆಬೇರೆಯಾಗಿ ಕಾಣುತ್ತವೆ. ತೊಮಕೊಮಾಯಿಯ ಅಳತೆಯಲ್ಲಿ ಆಮ್ಲಜನಕದ ಲೆಕ್ಕವಿತ್ತು. ಆದರೆ ಇಷ್ಟು ದಟ್ಟವಾದ, ನಿರಂತರವಾದ ದಾಖಲೆ ಇರಲಿಲ್ಲ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಎರಡೂ ಪ್ರಯೋಗಗಳಲ್ಲಿ ಅನಿಲ ಎಲ್ಲಿಂದ ಬರುತ್ತದೆಂದು ಮೊದಲೇ ಗೊತ್ತಿತ್ತು, ಸೆನ್ಸರ್‌ಗಳು ಪಕ್ಕದಲ್ಲೇ ಇದ್ದವು. ನಿಜವಾದ ಸಂಗ್ರಹಾಗಾರದಲ್ಲಿ ಹಾಗಿರದು. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ, ವರ್ಷಕ್ಕೆ ಗರಿಷ್ಠ ಸುಮಾರು 10 ಲಕ್ಷ ಟನ್‌ನಂತೆ, ತುಂಬಿದ ಅನಿಲ ಕಡಲತಳದಡಿ ಹಲವು ಚದರ ಕಿಲೋಮೀಟರ್ ಹರಡಿದೆ. ಕಂಪನ ಅಲೆಗಳ ಚಿತ್ರಣ ಅದರ ಹರವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಸಣ್ಣ ಬಿರುಕಿನ ತೆಳು ಸೋರಿಕೆಯನ್ನು ಕಾಣಲಾರದು. ಹಾಗಾಗಿ ಹಳೆಯ ಬಾವಿಗಳು, ಬಿರುಕುಗಳಂಥ ಅಪಾಯದ ಜಾಗಗಳಲ್ಲಿ ಸೆನ್ಸರ್‌ಗಳನ್ನು ಅನಿಲ ತುಂಬುವುದಕ್ಕೆ ಹಲವು ವರ್ಷ ಮೊದಲೇ ಇಳಿಸಬೇಕು.

ಈ ಕಾವಲಿನ ಹೊಣೆ ಎಷ್ಟು ಕಾಲ, ಯಾರದು? ಐರೋಪ್ಯ ಒಕ್ಕೂಟದ 2009ರ ನಿಯಮದ ಪ್ರಕಾರ ಸಂಗ್ರಹಾಗಾರ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷವಾದ ಮೇಲೆ ಹೊಣೆ ಸರ್ಕಾರದ ಹೆಗಲಿಗೆ ಬೀಳುತ್ತದೆ. ಕಂಪನಿ ಕೊಡಬೇಕಾದದ್ದು ಕನಿಷ್ಠ 30 ವರ್ಷಗಳ ನಿಗಾ ವೆಚ್ಚ. ಅನಿಲ ಇರಬೇಕಾದದ್ದು ಸಾವಿರಾರು ವರ್ಷ. ಹಾಗಾಗಿ ಆ ನಿಗಾದ ಪ್ರತಿಯೊಂದು ಅಳತೆಯೂ, ತುಂಬಿದ ಕಂಪನಿಯ ಕಪಾಟಿನಲ್ಲಿ ಉಳಿಯದೆ, ಮೊದಲ ದಿನದಿಂದಲೇ ಎಲ್ಲರ ಮುಂದೆ ತೆರೆದಿರಬೇಕು.