ಉಸಿರಿಗೆ ತಕ್ಕ ಕೊಳವೆ

ದೊಡ್ಡಗಾಜನೂರಿನಲ್ಲಿ 1929ರ ಏಪ್ರಿಲ್ 24ರಂದು ಹುಟ್ಟಿದ ಮುತ್ತುರಾಜು ಮುಂದೆ ಡಾ. ರಾಜ್‌ಕುಮಾರ್ ಆದರು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಅವರು ಶಹನಾಯಿ ಹಿಡಿದು ಕೂತರು. ತೆರೆಯ ಮೇಲೆ ಕಾಣುವ ಕೆನ್ನೆ, ಬೆರಳು, ಎದೆ ಗಾಜನೂರಿನವು. ಕಿವಿಗೆ ಬೀಳುವ ಉಸಿರು ಕಾಶಿಯದು, ಉಸ್ತಾದ್ ಬಿಸ್ಮಿಲ್ಲಾ ಖಾನರದು. ನಟ ಆ ಉಸಿರನ್ನು ತನ್ನ ಮೈಯಲ್ಲಿ ಎಷ್ಟು ನಿಜವಾಗಿ ತೋರಿಸಿದರೆಂದರೆ, ಎರಡೂ ಬೇರೆ ಬೇರೆ ಎಂದು ನೆನಪಿಸಿಕೊಳ್ಳುವುದೇ ಕಷ್ಟ.

ಅದೇ ಗಾಜನೂರಿನ ಸುತ್ತಲಿನ ತಾಳವಾಡಿ ಸೀಮೆಯ ಹಬ್ಬದಲ್ಲಿ ಓಲಗದವರ ಮುಂದೆ ನಿಂತಾಗ ಈ ಅನುಕೂಲ ಇರುವುದಿಲ್ಲ. ಅಲ್ಲಿ ಮೈಯೂ ಉಸಿರೂ ಒಬ್ಬರದೇ. ಅವೆರಡಕ್ಕೂ ಒಗ್ಗುವ ವಾದ್ಯ ಕೈಗೆ ಸಿಕ್ಕಿದೆಯೇ ಇಲ್ಲವೇ ಎಂಬುದು ಮೊದಲ ಐದು ನಿಮಿಷದಲ್ಲೇ ತಿಳಿದುಹೋಗುತ್ತದೆ. ಆದ್ದರಿಂದ ಓಲಗ ಕೇಳಲು ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ರಾಗದ ಹೆಸರನ್ನಲ್ಲ. ವಾದ್ಯದ ಉದ್ದ ನೋಡಿ. ಆಮೇಲೆ ಊದುವವರ ಮೈ ನೋಡಿ.

ಓಲಗದಲ್ಲಿ ಊದುವ ನಾಗಸ್ವರದಲ್ಲಿ ಮುಖ್ಯವಾಗಿ ಎರಡು ಬಗೆ. ತಿಮಿರಿ ಗಿಡ್ಡ, ಸುಮಾರು ಒಂದೂವರೆ ಅಡಿ. ಶ್ರುತಿ ಮೇಲಿನದು, ಹಾರ್ಮೋನಿಯಂ ಲೆಕ್ಕದಲ್ಲಿ ನಾಲ್ಕು ಮನೆ, ಅದಕ್ಕೂ ಮೇಲೆ. ಬಾರಿ ಉದ್ದ, ಸುಮಾರು ಎರಡೂವರೆ ಅಡಿ. ಶ್ರುತಿ ಎರಡು, ಎರಡೂವರೆ ಮನೆಗೆ ಇಳಿಯುತ್ತದೆ. ಕೊಳವೆ ಉದ್ದವಾದಷ್ಟೂ ದನಿ ಕೆಳಗೆ. ಮೈಕು ಇಲ್ಲದ ಕಾಲದಲ್ಲಿ ದೇವರ ಉತ್ಸವ ಬೀದಿ ಸುತ್ತುವಾಗ ಊರ ಆಚೆಗೂ ಮುಟ್ಟಬೇಕಿದ್ದ ದನಿಗೆ ತಿಮಿರಿಯೇ ಸರಿ. ಕೂತು, ಒಂದು ರಾಗವನ್ನು ತಾಸುಗಟ್ಟಲೆ ಬೆಳೆಸಲು ಬಾರಿ ಹಿತ.

ತಿಮಿರಿಯಿಂದ ಬಾರಿಗೆ ಆದ ಬದಲಾವಣೆಯ ಹಿಂದೆ ಒಬ್ಬ ಮಹಾನುಭಾವರಿದ್ದಾರೆ: ನಾಗಸ್ವರ ವಿದ್ವಾಂಸ ತಿರುವಾವಡುದುರೈ ರಾಜರತ್ನಂ ಪಿಳ್ಳೆ (1898–1956). ಹಳೆಯ ತಿಮಿರಿಯಲ್ಲಿ ಶುದ್ಧ ಮಧ್ಯಮ ನೇರವಾಗಿ ಬರುತ್ತಿರಲಿಲ್ಲ, ಉಸಿರಿನಿಂದ ಒಲಿಸಿಕೊಳ್ಳಬೇಕಿತ್ತು. ಕುಂಭಕೋಣದ ಹತ್ತಿರದ ನರಸಿಂಗಂಪೇಟೆಯ ರಂಗನಾಥನ್ ಆಚಾರಿ ಆ ಮಧ್ಯಮವೂ ಸ್ವಚ್ಛವಾಗಿ ನಿಲ್ಲುವಂಥ ಬಾರಿ ವಾದ್ಯವನ್ನು ಪಿಳ್ಳೆಯವರಿಗೆ ಮಾಡಿಕೊಟ್ಟರು. ಪಿಳ್ಳೆಯವರು ಮೊದಲು ಹಾಡುಗಾರಿಕೆ ಕಲಿತವರು. ಕಂಠದಲ್ಲಿದ್ದ ಸಂಗೀತಕ್ಕೆ ತಕ್ಕ ಮರವನ್ನು ಹುಡುಕಿದರು ಅನ್ನುವುದೇ ನನಗೆ ಈ ಕಥೆಯಲ್ಲಿ ದೊಡ್ಡದಾಗಿ ಕಾಣುವುದು. ಅವರ ತೋಡಿ ರಾಗದ ಧ್ವನಿಮುದ್ರಿಕೆ ಸಿಕ್ಕರೆ ಬಿಡಬೇಡಿ. ಎಲ್ಲಿಯೂ ಕಿರುಚಿಲ್ಲ, ಎಲ್ಲಿಯೂ ಬಡಕಲಾಗಿಲ್ಲ. ನರಸಿಂಗಂಪೇಟೆಯ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ದೊರೆತಿದೆ. ಅಲ್ಲಿಯವರು ಆಚ್ಚಾ ಮರವನ್ನು ಬಳಸುತ್ತಾರೆ, ಅದೂ ಹಳೇ ಮನೆಗಳನ್ನು ಕೆಡವಿದಾಗ ಸಿಗುವ ತೊಲೆ, ಕಂಬಗಳನ್ನು. ಹತ್ತಾರು ವರ್ಷ ಒಣಗಿ ಇನ್ನು ಬಿರಿಯಲಾರದ ಮರ.

ಮರ ಕೊಂಡರೆ ಸಾಲದು. ದನಿ ಹುಟ್ಟುವುದು ಸೀವಾಳಿಯಲ್ಲಿ, ಕಾವೇರಿ ದಂಡೆಯ ಜೊಂಡಿನಿಂದ ಮಾಡಿದ ಎರಡೆಳೆಯ ಪುಟ್ಟ ನಾಲಿಗೆಯಲ್ಲಿ. ವಾದ್ಯಕ್ಕೆ ದಾರದಲ್ಲಿ ಕಟ್ಟಿ ತೂಗಾಡುವ ಗೊಂಚಲನ್ನು ಅಲಂಕಾರವೆಂದು ತಿಳಿದವರು ಬಹಳ. ಅವು ಹೆಚ್ಚುವರಿ ಸೀವಾಳಿಗಳು, ಜೊತೆಗೆ ಸೀವಾಳಿ ಸರಿಮಾಡುವ ಸೂಜಿ. ಗಟ್ಟಿ ಸೀವಾಳಿಗೆ ಗಟ್ಟಿ ತುಟಿ ಬೇಕು. ಎಳೆಯ ತುಟಿಗೆ ಅದನ್ನು ಕೊಟ್ಟರೆ ಹುಡುಗ ಅರ್ಧ ಗಂಟೆಯಲ್ಲಿ ಸೋಲುತ್ತಾನೆ. ತೀರಾ ಮೆತ್ತನೆಯದಾದರೆ ಮೇಲಿನ ಸ್ವರಗಳು ಜಾರುತ್ತವೆ. ಊದುವವರು ಸೀವಾಳಿಯನ್ನು ಬಾಯಲ್ಲಿ ನೆನೆಸಿ, ತೆಗೆದು, ನೋಡಿ, ಮತ್ತೆ ಇನ್ನೊಂದನ್ನು ಸಿಕ್ಕಿಸುವಾಗ ಕೇಳುಗರು ಮಾತಿಗೆ ತೊಡಗುತ್ತಾರೆ. ದಯವಿಟ್ಟು ಆಗ ಮಾತಾಡಬೇಡಿ. ಅಂದಿನ ಗಾಳಿಗೆ, ಅಂದಿನ ತುಟಿಗೆ ಹೊಂದುವ ನಾಲಿಗೆಯನ್ನು ಅವರು ಆರಿಸುತ್ತಿರುತ್ತಾರೆ. ಕಛೇರಿ ಆಗಲೇ ಶುರುವಾಗಿದೆ.

ಬೆರಳಿನ ಮಾತು ಇನ್ನೂ ಮುಖ್ಯ. ಮುಂದೆ ಏಳು ರಂಧ್ರ. ಕೆಳಗೆ ಇನ್ನೂ ಐದು, ಅವುಗಳನ್ನು ಬೆರಳು ಮುಟ್ಟುವುದಿಲ್ಲ, ಮೇಣ ತುಂಬಿ ಶ್ರುತಿ ತಿದ್ದುವುದಕ್ಕೆ. ಬಾರಿಯಲ್ಲಿ ರಂಧ್ರಗಳ ನಡುವಿನ ಅಂತರ ಹೆಚ್ಚು. ಅಂಗೈ ಚಿಕ್ಕದಿದ್ದರೆ ಬೆರಳು ಎಳೆದು ಹಿಡಿಯಬೇಕು. ಎಳೆದ ಬೆರಳು ರಂಧ್ರವನ್ನು ಪೂರ್ತಿ ಮುಚ್ಚದು. ಸಂದಿನಲ್ಲಿ ಗಾಳಿ ಸೋರಿ ಸ್ವರ ಸಿಡಿಯುತ್ತದೆ. ಮಕ್ಕಳಿಗೆ ಶಾಲೆ ಅಂಗಿಯನ್ನು ಒಂದಳತೆ ದೊಡ್ಡದಾಗಿ ಹೊಲಿಸುತ್ತೇವಲ್ಲ, ‘ಬೆಳೀತಾನೆ ಬಿಡಿ’ ಎಂದು, ಹಾಗೆ ವಾದ್ಯ ಕೊಡಿಸುವುದು ತಪ್ಪು. ಅಂಗಿ ಜೋಲುತ್ತದೆ ಅಷ್ಟೆ. ದೊಡ್ಡ ಕೊಳವೆ ಎಳೆಯ ಕೈಗೆ ತಪ್ಪು ಹಿಡಿತವನ್ನು ಕಲಿಸುತ್ತದೆ, ಆ ಹಿಡಿತ ಮಗು ಬೆಳೆದ ಮೇಲೂ ಹೋಗುವುದಿಲ್ಲ. ಗಿಡ್ಡ ವಾದ್ಯದಲ್ಲಿ ಆರಂಭಿಸಿ, ಬೆರಳು ತಾನಾಗಿ ಹರಡಿ ನಿಲ್ಲುವ ದಿನ ಉದ್ದದ್ದಕ್ಕೆ ಹೋಗಲಿ.

ಹಾಗೆಂದು ಬಾರಿ ಎಂದರೆ ದಾಂಡಿಗರ ವಾದ್ಯ ಎಂದು ತಿಳಿಯಬೇಡಿ. ಕಾಲೀಶಾಬಿ ಮಹಬೂಬ್ ಮತ್ತು ಶೇಖ್ ಮಹಬೂಬ್ ಸುಬಾನಿ, ಹೆಂಡತಿ ಗಂಡ, ಪಕ್ಕಪಕ್ಕ ಕೂತು ನಾಗಸ್ವರ ನುಡಿಸುವವರು. 2020ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಒಂದೇ ಶ್ರುತಿ, ಎರಡು ಮೈ. ಕಣ್ಣು ಮುಚ್ಚಿ ಕೇಳಿ, ಯಾರ ದನಿ ಯಾವುದೆಂದು ಹುಡುಕಿ. ಹೊಸ ಕಿವಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬೇಕಾದ್ದು ದೊಡ್ಡ ಎದೆಗಿಂತ ಹೆಚ್ಚಾಗಿ ಅಳೆದು ಬಿಡುವ ಉಸಿರು.

ಇದು ಜಗತ್ತಿನ ಎಲ್ಲ ಊದುವ ವಾದ್ಯಗಳ ಪ್ರಶ್ನೆಯೂ ಹೌದು. 1835ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಟ್ಯೂಬಾ, ಬ್ಯಾಂಡಿನಲ್ಲಿ ಮಡಿಲಲ್ಲಿಟ್ಟು ಊದುವ ಆ ಭಾರೀ ಹಿತ್ತಾಳೆ ವಾದ್ಯ, ಸುಮಾರು 12 ಅಡಿ ಕೊಳವೆಯದೂ ಉಂಟು, 18 ಅಡಿಯದೂ ಉಂಟು. ಅಲ್ಲಿಯೂ ತೋಳಿನಳತೆ, ಕೂರುವ ಎತ್ತರ, ಉಸಿರಿನ ಹದ ನೋಡಿಯೇ ಆರಿಸಬೇಕು. ಟ್ಯೂಬಾ, ನಾಗಸ್ವರ ಎರಡರ ಒಳಗೂ ಊದುವ ತುದಿಯಿಂದ ಆಚೆ ತುದಿಗೆ ಅಗಲವಾಗುತ್ತ ಹೋಗುವಂಥದ್ದು. ನಾಗಸ್ವರದಲ್ಲಿ ಅದರ ಫಲ ಕೇಳಿಸುತ್ತದೆ: ಬೆರಳು ಅದೇ ಇದ್ದು ಉಸಿರು ಬಿಗಿಯಾದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ.

ಕಿವಿಯನ್ನು ಇಡಬೇಕಾದ್ದು ಆ ಹಾರುವ ಜಾಗದಲ್ಲಿ. ಮಧ್ಯ ಸ್ಥಾಯಿಯ ನಿಷಾದದಿಂದ ತಾರ ಷಡ್ಜಕ್ಕೆ ದಾಟುವಾಗ ದನಿ ಫಕ್ಕನೆ ಚೀರಿದರೆ ವಾದ್ಯ, ಸೀವಾಳಿ, ಮೈ ಮೂರರಲ್ಲಿ ಯಾವುದೋ ಒಂದು ಉಳಿದವಕ್ಕೆ ಒಗ್ಗಿಲ್ಲ. ಕುತ್ತಿಗೆಯ ನರ ಉಬ್ಬಿರುತ್ತದೆ, ಹೆಗಲು ಕಿವಿಯತ್ತ ಏರಿರುತ್ತದೆ. ಒಗ್ಗಿದ್ದರೆ ದಾಟಿದ್ದೇ ತಿಳಿಯದು. ಡೋಲಿನ ಎದುರಿಗೆ ನಿಂತರೆ ಇದೊಂದೂ ಕೇಳಿಸುವುದಿಲ್ಲ. ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ, ಪಕ್ಕಕ್ಕೆ ಸರಿದು ನಿಲ್ಲಿ. ಉತ್ಸವ ಹೊರಡುವ ಮೊದಲು, ಇನ್ನೂ ಶ್ರುತಿ ಕೊಡುವ ಒತ್ತು ವಾದ್ಯ ಮಾತ್ರ ಒಂದೇ ಷಡ್ಜ ಹಿಡಿದು ಮೊರೆಯುತ್ತಿರುವಾಗ, ಊದುವವರು ಆ ಷಡ್ಜಕ್ಕೆ ತಮ್ಮ ಮೊದಲ ಉಸಿರು ಕೂಡಿಸುತ್ತಾರೆ. ಅಷ್ಟು ಹೊತ್ತಿಗೆ ನೀವು ಅಲ್ಲಿರಬೇಕು.