ಚುಕ್ಕೆ ಎಣಿಸುವವರು ಮತ್ತು ಅಜ್ಜಿಯ ಕೊಂಡಿ

ಅಜ್ಜಿಯ ಟ್ರಂಕಿನಲ್ಲಿ ನಾಲ್ಕು ಬೆಳ್ಳಿ ರೂಪಾಯಿ ಇದ್ದವು. ನಮ್ಮ ಮುಂಡಗೋಡ ಕಡೆ ಇವಕ್ಕೆ ‘ರಾಣಿ ಛಾಪಿನ ರೂಪಾಯಿ’ ಅಂತಾರೆ. ನಾಲ್ಕಕ್ಕೂ ಅಂಚಿನಲ್ಲಿ ಕೊಂಡಿ. ಒಂದು ಕಾಲಕ್ಕೆ ಕೊರಳ ಸರದಲ್ಲಿದ್ದವು. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನ ಇದೆ ಅಂತ ಗೊತ್ತಾದಾಗ 1862 ಅಂತ ಬರೆದಿದ್ದ ಒಂದನ್ನು ಆರಿಸಿಕೊಂಡೆ. ಪತ್ತಾರರ ಹತ್ತಿರ ಕೊಂಡಿ ತೆಗೆಸಿ, ಪಾಲಿಶ್ ಮಾಡಿಸಿದೆ. ಫಳಫಳ ಅಂತಿತ್ತು. ಅಲ್ಲಿನ ವ್ಯಾಪಾರಿ ಭೂತಗನ್ನಡಿ ಹಿಡಿದು ಹತ್ತು ಸೆಕೆಂಡು ನೋಡಿದ. “ಕೊಂಡಿ ಇತ್ತಲ್ಲ ಸಾರ್, ಮೇಲೆ ಪಾಲಿಶ್ ಬೇರೆ. ಬೆಳ್ಳಿ ತೂಕದ ರೇಟು, ಅಷ್ಟೇ.”

ಅವಮಾನ ಆಯ್ತು. ಸಾಫ್ಟ್‌ವೇರಿನವರು ಎಲ್ಲಾ ಕೆಟ್ಟ ಮೇಲೆ ಮಾಡುವ ಕೆಲಸವನ್ನೇ ಮಾಡಿದೆ: ಡಾಕ್ಯುಮೆಂಟೇಶನ್ ಓದಲು ಕೂತೆ.

ಈ ಲೋಕದ ಡಾಕ್ಯುಮೆಂಟೇಶನ್ ಅಂದರೆ ಎಫ್. ಪ್ರಿಡ್ಮೋರ್ ಅವರ ಕ್ಯಾಟಲಾಗು. 1835ರಿಂದ 1947ರವರೆಗಿನ ಬ್ರಿಟಿಷ್ ಭಾರತದ ನಾಣ್ಯಗಳ ಸಂಪುಟ 1980ರಲ್ಲಿ ಬಂತು. ಮೊದಲ ನೋಟಕ್ಕೆ ಬರೀ ಪಟ್ಟಿ. ಆದರೆ ತಾಳ್ಮೆ ಇಟ್ಟು ಓದಿದರೆ ಪತ್ತೇದಾರಿ ಕಾದಂಬರಿಯ ರುಚಿ ಹತ್ತುತ್ತದೆ. 1862ರ ರೂಪಾಯಿಯನ್ನೇ ತಗೊಳ್ಳಿ. 1874ರಲ್ಲಿ ಹೊಸ ಇಸವಿ ಹಾಕಲು ಶುರು ಮಾಡುವವರೆಗೂ ಟಂಕಸಾಲೆ ರೂಪಾಯಿಯ ಮೇಲೆ ಒತ್ತಿದ್ದು ಅದೇ ‘1862’. ಮುಂಬಯಿ ಟಂಕಸಾಲೆ ಮಾತ್ರ ಹಿಂಬದಿಯಲ್ಲಿ ಕಂಡೂ ಕಾಣದ ಹಾಗೆ ಚುಕ್ಕೆ ಇಡುತ್ತಾ ಹೋಯಿತು. ಆ ಚುಕ್ಕೆ ಎಣಿಸಿ, ಇದು ನಿಜಕ್ಕೂ ಯಾವ ವರ್ಷದ್ದು ಅಂತ ಸಂಗ್ರಾಹಕರು ಲೆಕ್ಕ ಹಾಕುತ್ತಾರೆ. ವರ್ಷನ್ ನಂಬರ್ ಬದಲಿಸದೆ ಬಿಲ್ಡ್ ನಂಬರ್ ಮಾತ್ರ ಏರಿಸಿದ ಹಾಗೆ! ಚುಕ್ಕೆ ಸಾಲದು ಅಂದರೆ ರಾಣಿಯ ಉಡುಪಿನ ಕಸೂತಿ ನೋಡಬೇಕು, ಹಿಂಬದಿಯ ಹೂವಿನ ಎಸಳು ನೋಡಬೇಕು. ನಮ್ಮ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿಗೆ ಸೇರಿದ್ದೂ 1862ರಲ್ಲೇ. ಹಾಗಾಗಿ ಈ ಚುಕ್ಕೆಗಳು ನನಗೆ ಊರಿನ ಸಂಗತಿಯೇ.

ಅಮೆರಿಕದಲ್ಲೂ ಇಂಥದೇ ಹುಚ್ಚಿದೆ. ಅಲ್ಲಿನ ಮೊದಮೊದಲ ಬೆಳ್ಳಿ ಅರ್ಧ ಡಾಲರುಗಳ ಅಚ್ಚಿನ ಮೇಲೆ ನಕ್ಷತ್ರ, ಅಂಕಿಗಳನ್ನು ಒಂದೊಂದಾಗಿ ಕೈಯಿಂದ ಹೊಡೆಯುತ್ತಿದ್ದರು. ನಕ್ಷತ್ರ ಎಷ್ಟು ವಾಲಿದೆ ಅನ್ನುವುದರಿಂದಲೇ ಅಚ್ಚು ಯಾವುದೆಂದು ಹೇಳಬಹುದು. 1794ರಿಂದ 1836ರವರೆಗಿನ ಅಂಥ ಅಚ್ಚುಗಳನ್ನೆಲ್ಲ ವಿಂಗಡಿಸಿ ಆಲ್ ಓವರ್ಟನ್ 1967ರಲ್ಲಿ ಪುಸ್ತಕವನ್ನೇ ಮಾಡಿದರು. ಇಷ್ಟು ಶ್ರದ್ಧೆಯಿಂದ ನೋಡುವವರನ್ನು ಕಂಡರೆ ನನಗೆ ಗೌರವವೇ.

ನನ್ನ ತಕರಾರು ಬೇರೆ. ನಾಣ್ಯ ಎಲ್ಲಿ, ಯಾವಾಗ, ಯಾವ ಅಚ್ಚಿನಲ್ಲಿ ಹುಟ್ಟಿತು ಅನ್ನುವುದು ಕ್ಯಾಟಲಾಗಿನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಚೆನ್ನಾಗಿದೆ. ಆದರೆ ಮಾರುಕಟ್ಟೆ ಅದನ್ನೇ ಏಕೈಕ ಪ್ರಶ್ನೆ ಮಾಡಿಕೊಂಡಿದೆ. ಇವತ್ತು ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಕೈ ಬದಲಾದಷ್ಟೂ ಅಂಕ ಇಳಿಯುತ್ತದೆ. ಕೊಂಡಿ ತೆಗೆದ ಗುರುತಿದ್ದರೆ ಅಂಕವೇ ಇಲ್ಲ, ‘ಹಾಳಾದದ್ದು’ ಅಂತ ಚೀಟಿ. ಅಂದರೆ ಯಾರೂ ಬಳಸದ ದುಡ್ಡೇ ಒಳ್ಳೆಯ ದುಡ್ಡು! ಆದರೆ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ ತೂಗುವ ಈ ರೂಪಾಯಿ ನಮ್ಮ ಕಡೆಯ ಹೆಂಗಸರ ಕೊರಳಲ್ಲೇ ಉಳಿತಾಯ ಖಾತೆಯಾಗಿತ್ತು. ಅವರ ಲೆಕ್ಕದಲ್ಲಿ ಕೊಂಡಿ ಹಾಕಿಸಿದ್ದು ಹಾಳು ಮಾಡಿದ್ದಲ್ಲ, ಡಿಪಾಸಿಟ್ ಇಟ್ಟದ್ದು.

ಇದು ನನಗೆ ತಡವಾಗಿ ಹೊಳೆಯಿತು. ಊರಿಗೆ ಹೋದಾಗ ಪಾಲಿಶ್ ಆದ ರೂಪಾಯಿ ತೋರಿಸಿದೆ. ಅವ್ವ ಬೆರಳಿಂದ ಅಂಚು ಸವರಿ, “ಕೊಂಡಿ ಎಲ್ಲೈತೋ?” ಅಂದಳು. ಆಮೇಲೆ ಹೇಳಿದಳು: “ಸರದಾಗ ಹನ್ನೊಂದು ಇದ್ವು ತಮ್ಮಾ. ಎತ್ತಿಗೆ ಜಡ್ಡು ಬಂದಾಗ ಮೂರು ಹೋದ್ವು. ನಿಮ್ಮ ಅಜ್ಜನ ದವಾಖಾನಿಗೆ ಎರಡು. ಕಡೀಕ ಎರಡು ನಿನ್ನ ಸಿಇಟಿ ಪುಸ್ತಕಕ್ಕ.”

ಉಳಿದದ್ದು ನಾಲ್ಕು. ಅದರಲ್ಲಿ ಒಂದನ್ನು ನಾನು ಉಜ್ಜಿಸಿದ್ದೆ. ಭೂತಗನ್ನಡಿ ಹಿಡಿದು ನೋಡಿದೆ: ಇಸವಿ ಮಸುಕಾಗಿದೆ, ಚುಕ್ಕೆ ಇತ್ತೋ ಇಲ್ಲವೋ ಹೇಳಲಾಗದಷ್ಟು ಸವೆದಿದೆ. ಮುಂಬಯಿಯ ಸಾಕ್ಷಿಯೂ ಹೋಯಿತು, ಮುಂಡಗೋಡದ ಸಾಕ್ಷಿಯೂ ಹೋಯಿತು. ಪ್ರಿಡ್ಮೋರ್ ಕೇಳುವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ, ಅವ್ವ ಕೇಳಿದ್ದಕ್ಕೂ ಇಲ್ಲ.

ಈಗ ಉಳಿದ ಮೂರಕ್ಕೆ ಒಂದು ಎಕ್ಸೆಲ್ ಶೀಟ್ ಮಾಡಿದ್ದೇನೆ. ಇಸವಿ, ಅಚ್ಚು, ಚುಕ್ಕೆ ಎಲ್ಲಕ್ಕೂ ಕಾಲಂ ಇದೆ. ಕೊನೆಯ ಕಾಲಮಿನಲ್ಲಿ ಅವ್ವ ಹೇಳಿದ್ದು ಹೇಳಿದಂತೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದು ಸಿಕ್ಕರೆ ಚುಕ್ಕೆ ಧಾರಾಳವಾಗಿ ಎಣಿಸಿ. ಪತ್ತಾರರ ಹತ್ತಿರ ಹೋಗುವ ಮುಂಚೆ ಮಾತ್ರ ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿ.