ಹಗ್ಗದ ಹದ

ಜಪಾನಿನ ಕಿನ್‌ಬಾಕು, ಅಂದರೆ ಒಪ್ಪಿದ ವಯಸ್ಕರ ನಡುವೆ ಹಗ್ಗದಿಂದ ಮೈ ಕಟ್ಟುವ ಕಲೆಯ ಬಗ್ಗೆ ಬಂದಿರುವ ಹೆಚ್ಚಿನ ಬರಹ, ಚಿತ್ರಗಳೆಲ್ಲ ಕಟ್ಟಿನ ಸುತ್ತಲೇ ಇವೆ. ಈ ಕಲೆಯ ಆಧುನಿಕ ರೂಪಕ್ಕೆ ಮೂಲಪುರುಷ ಎನಿಸಿಕೊಂಡ ಚಿತ್ರಕಾರ ಇತೊ ಸೇಯು (1882–1961) ಬರೆದ ಚಿತ್ರಗಳಿರಲಿ, 1947ರಲ್ಲಿ ಶುರುವಾದ ‘ಕಿತಾನ್ ಕ್ಲಬ್’ ಪತ್ರಿಕೆಯ ಪುಟಗಳಿರಲಿ, ಅರಾಕಿ ನೊಬುಯೋಶಿ ತೆಗೆದ ಫೋಟೋಗಳಿರಲಿ, ನೋಡುವವರ ಕಣ್ಣು ಹೋಗುವುದು ಮೈಯ ಬಾಗಿಗೆ, ಗಂಟಿನ ಅಂದಕ್ಕೆ. ಕಟ್ಟು ಬಿಚ್ಚಿದ ಮೇಲೆ ಬೆವರು ಕುಡಿದ ಆ ಹಗ್ಗಕ್ಕೆ ಏನಾಗುತ್ತದೆ, ಅದನ್ನು ಯಾರು ಹೇಗೆ ಹದಕ್ಕೆ ತರುತ್ತಾರೆ ಎನ್ನುವುದು ಒಬ್ಬರಿಂದೊಬ್ಬರಿಗೆ ಬಾಯಿಮಾತಿನಲ್ಲಿ ದಾಟಿ ಬಂದ ವಿದ್ಯೆ. ಬಾಯಿಮಾತಿನ ವಿದ್ಯೆಯಲ್ಲಿ ಗಟ್ಟಿಕಾಳೂ ಇರುತ್ತದೆ, ಜೊಳ್ಳೂ ಇರುತ್ತದೆ. ಎರಡನ್ನೂ ಬೇರ್ಪಡಿಸದೆ ಹಾಗೇ ಮುಂದಿನವರ ಕೈಗೆ ಕೊಡುವುದು ಸರಿಯಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಬೇರ್ಪಡಿಸಲು ಒಂದು ಅಳತೆಗೋಲು ಬೇಕು. ಕಟ್ಟಿಸಿಕೊಳ್ಳುವವರು ಒಮ್ಮೆ ಕಟ್ಟಿನೊಳಗೆ ಹೋದರೆ ಹಗ್ಗವನ್ನು ಪರೀಕ್ಷಿಸಲಾರರು. ಆಗ ಅವರ ಕೈಗಳೇ ಹಗ್ಗದಲ್ಲಿರುತ್ತವೆ. ಕಟ್ಟುವವರ ತಿಳಿವಳಿಕೆಯೊಂದೇ ಅವರಿಗೆ ರಕ್ಷಣೆ. ಹಾಗಾಗಿ ಆರೈಕೆಯ ಪ್ರತಿ ಕ್ರಮಕ್ಕೂ ನಾನು ಕೇಳುವ ಪ್ರಶ್ನೆ ಒಂದೇ: ಇದರಿಂದ ಹಗ್ಗದ ನಿಜಸ್ಥಿತಿ ಕೈಗೆ ತಿಳಿಯುತ್ತದೆಯೆ, ಮರೆಯಾಗುತ್ತದೆಯೆ?

ಮೊದಲು ಪದಾರ್ಥ. ಈಗ ಬಳಕೆಯಲ್ಲಿರುವ ಹಗ್ಗ ಹೆಚ್ಚಾಗಿ ಸೆಣಬಿನದು. ಮೂರು ಹುರಿ ಹೊಸೆದ, ಸುಮಾರು 6 ಮಿ.ಮೀ. ದಪ್ಪದ, 7–8 ಮೀಟರ್ ಉದ್ದದ ತುಂಡುಗಳು. ಸೆಣಬಿನ ನಾಡು ಗಂಗಾ–ಬ್ರಹ್ಮಪುತ್ರಾ ಮುಖಜ ಭೂಮಿ. ಭಾರತ, ಬಾಂಗ್ಲಾದೇಶಗಳೇ ಅದನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶಗಳು. ನೋಡಲು ಸೆಣಬಿನ ಎಳೆ ಮಾರುದ್ದ ಇರುತ್ತದೆ, ಆದರೆ ಅದು ಒಂದೇ ತಂತು ಅಲ್ಲ. ಎರಡು–ಮೂರು ಮಿ.ಮೀ. ಉದ್ದದ ಪುಟ್ಟ ಕೋಶಗಳು ಲಿಗ್ನಿನ್, ಹೆಮಿಸೆಲ್ಯುಲೋಸ್ ಎಂಬ ಅಂಟುಗಳಿಂದ ಒಂದಕ್ಕೊಂದು ಕೂಡಿ ಆ ಉದ್ದ ಬಂದಿದೆ. ಹೆಂಪ್ ನಾರಿನ ಕೋಶ ಇದರ ಹಲವು ಪಟ್ಟು ಉದ್ದ. ಸೆಣಬಿನ ಬಲವೆಲ್ಲ ಆ ಅಂಟಿನಲ್ಲಿದೆ ಎಂಬ ಈ ಒಂದು ಸಂಗತಿ ತಿಳಿದರೆ ಆರೈಕೆಯ ಅರ್ಧ ಜಗಳ ತಾನೇ ಬಗೆಹರಿಯುತ್ತದೆ.

ಹೊಸ ಹಗ್ಗವನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು ಎಂಬ ಸಲಹೆಯನ್ನೇ ತೆಗೆದುಕೊಳ್ಳಿ. ಬೇಯಿಸಲು ಕಾರಣವಿಲ್ಲದಿಲ್ಲ. ಸೆಣಬು ಒರಟು ನಾರು. ಗಿರಣಿಯಲ್ಲಿ ನೂಲುವ ಮೊದಲು ಅದನ್ನು ಮೆತ್ತಗಾಗಿಸಲು ಖನಿಜ ತೈಲವನ್ನು ನೀರಿನೊಡನೆ ಬೆರೆಸಿ ಹಾಕುತ್ತಾರೆ. ಹೊಸ ಹಗ್ಗಕ್ಕೆ ಸೀಮೆಎಣ್ಣೆಯಂಥ ವಾಸನೆ ಬರುವುದು ಇದರಿಂದ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಬೀಜ ಹೊರದೇಶಕ್ಕೆ ಹೋಗುವುದೂ ಸೆಣಬಿನ ಚೀಲದಲ್ಲೇ. ಕಾಫಿ, ಕೋಕೋ ಮುಂತಾದವನ್ನು ತುಂಬುವ ಚೀಲಕ್ಕೆ ಈ ತೈಲ ತಾಗಬಾರದೆಂದು ಅಂತರರಾಷ್ಟ್ರೀಯ ಸೆಣಬು ಸಂಸ್ಥೆ 1998ರಲ್ಲಿ ಮಾನದಂಡವನ್ನೇ ಮಾಡಿತು. ಅಂಥ ಚೀಲದ ನಾರಿಗೆ ಅಕ್ಕಿ ತೌಡಿನ ಎಣ್ಣೆಯಂಥ ಸಸ್ಯತೈಲ ಬಳಸುತ್ತಾರೆ. ಬೀಜಕ್ಕೆ ಇರುವ ಕಾಳಜಿಯನ್ನು ಚರ್ಮಕ್ಕೂ ಬಯಸುವುದು ನ್ಯಾಯವೇ. ಆದರೆ ಬೇಯಿಸುವುದು ಅದಕ್ಕೆ ದಾರಿಯಲ್ಲ. ಬಿಸಿನೀರಲ್ಲಿ ನಾರು ಉಬ್ಬುತ್ತದೆ, ಹುರಿ ಸಡಿಲುತ್ತದೆ, ಅಂಟು ಸವೆಯುತ್ತದೆ; ಸೋಡಾ ಹಾಕಿದರೆ ಇನ್ನೂ ಬೇಗ. ಬೆಂದ ಹಗ್ಗ ಮೆತ್ತಗಾಗುವುದು ನಿಜ. ಆ ಮೆತ್ತನೆಯಲ್ಲಿ ಒಂದು ಪಾಲು ಬಲ ಕಳೆದುಕೊಂಡದ್ದರಿಂದ ಬಂದದ್ದು, ಕೈಗೆ ಅದು ಗುಣವಾಗಿ ತೋರುತ್ತದೆ. ನನ್ನ ಅಳತೆಗೋಲಿನಲ್ಲಿ ಈ ಕ್ರಮ ಸೋಲುವುದು ಇಲ್ಲೇ. ಸಸ್ಯತೈಲ ಹಾಕಿ ನೂಲಿದ ಹಗ್ಗವನ್ನೇ ಕೊಳ್ಳುವುದು, ವಾಸನೆಯಿದ್ದರೆ ನೆರಳಿನಲ್ಲಿ ಗಾಳಿಗೆ ಹಲವು ದಿನ ತೂಗುಹಾಕುವುದು ಇದಕ್ಕಿಂತ ಮೇಲು.

ಇದಕ್ಕೆ ಎದುರಾಗಿ, ಜಪಾನಿನ ಕಟ್ಟುಗಾರರು ನಡೆಸಿಕೊಂಡು ಬಂದ ಒಣ ಹದಗೊಳಿಕೆ ಮೆಚ್ಚತಕ್ಕದ್ದು. ಹಗ್ಗವನ್ನು ಮತ್ತೆ ಮತ್ತೆ ಬಗ್ಗಿಸಿ, ಎಳೆದು, ಅದರ ಬಿಗುಪು ಬಿಡಿಸುತ್ತಾರೆ. ಮೇಲೆದ್ದ ನವಿರೆಳೆಗಳನ್ನು ಉರಿಯ ಮೇಲೆ ಬೇಗ ಬೇಗ ಹಾಯಿಸಿ ಸುಡುತ್ತಾರೆ. ಕರಿ ಒರೆಸಿ, ಕೊನೆಗೆ ತೆಳುವಾಗಿ ಎಣ್ಣೆ ಸವರುತ್ತಾರೆ. ಸುಡುವ ಹಂತದಲ್ಲಿ ಹಗ್ಗ ಇಡಿಯಾಗಿ ಕೈಯಿಂದ ಕೈಗೆ ಹಾಯುವುದರಿಂದ ತೆಳುವಾದ ಜಾಗ, ಸಡಿಲ ಹುರಿ, ನೂಲು ಕೂಡಿಸಿದ ಕಡೆ ಎಲ್ಲ ಕಣ್ಣಿಗೆ ಬೀಳುತ್ತದೆ. ಒಂದೇ ಕಡೆ ಉರಿ ನಿಂತರೆ ಮಾತ್ರ ನಾರೇ ಸೀಯುತ್ತದೆ. ಎಣ್ಣೆ ಹಚ್ಚುವುದು ಸುಟ್ಟ ಮೇಲೆಯೇ, ಮೊದಲಲ್ಲ. ಈ ಅನುಕ್ರಮ ತಪ್ಪಿದರೆ ಹಗ್ಗವೇ ಹೊತ್ತಿಕೊಳ್ಳಬಹುದು.

ಎಣ್ಣೆಯ ವಿಷಯದಲ್ಲಿ ಸಂಪ್ರದಾಯ ಸರಿ, ಅನುಕರಣೆ ಕೆಟ್ಟಿದೆ. ಜಪಾನಿನಲ್ಲಿ ಕ್ಯಾಮೆಲಿಯಾ ಎಣ್ಣೆ, ಕುದುರೆ ಕೊಬ್ಬಿನ ಎಣ್ಣೆ ಬಳಕೆಯಲ್ಲಿವೆ. ಬೇರೆಡೆ ಜೊಜೊಬಾ ಹೆಚ್ಚು. ಉದ್ದೇಶ ಸಣ್ಣದು: ಒಣಗಿದ ನಾರು ಪುಡಿಯಾಗದಂತೆ, ಧೂಳು ಏಳದಂತೆ ನೋಡುವುದು. ಅಂಗೈಗೆ ಕೆಲವು ಹನಿ ಹಾಕಿಕೊಂಡು ಹಗ್ಗವನ್ನು ಎಳೆದರೆ ಸಾಕು. ಹೊಳಪಿನ ಆಸೆಗೆ ಬಿದ್ದು ಎಣ್ಣೆ ಕುಡಿಸುವವರ ಹಗ್ಗ ಕೊಳೆಯನ್ನು ಹಿಡಿಯುತ್ತದೆ, ಉಜ್ಜಿನ ಮೇಲೆ ನಿಲ್ಲುವ ಕಟ್ಟನ್ನು ಜಾರಿಸುತ್ತದೆ, ಒಡೆದ ಎಳೆಗಳನ್ನು ಜಿಡ್ಡಿನಡಿ ಮುಚ್ಚಿಡುತ್ತದೆ. ಯಾವ ಎಣ್ಣೆ ಎನ್ನುವುದೂ ಮುಖ್ಯ. ಅಡುಗೆಯ ಹಲವು ಎಣ್ಣೆಗಳು ಕೆಲವು ತಿಂಗಳಲ್ಲಿ ಕಮಟುತ್ತವೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಹಗ್ಗವನ್ನು ಬಿರುಸು ಮಾಡುತ್ತದೆ. ಅದರಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆಯಾಗಿ ಬಿಟ್ಟರೆ ತಾನಾಗಿ ಬೆಂಕಿ ಹತ್ತುವುದೂ ಉಂಟು. ಜೊಜೊಬಾ ರಚನೆಯಲ್ಲಿ ಎಣ್ಣೆಗಿಂತ ಮೇಣಕ್ಕೆ ಹತ್ತಿರ, ಸುಲಭಕ್ಕೆ ಕೆಡುವುದಿಲ್ಲ. ಹೊಸಬರಿಗೆ ಅದನ್ನೇ ಹೇಳುವುದು ಒಳ್ಳೆಯದು.

ಇಡೀ ವಿದ್ಯೆಯ ದುರ್ಬಲ ಭಾಗ ಶುಚಿ. ಸೆಣಬಿನ ಹಗ್ಗವನ್ನು ತೊಳೆದರೆ ಕೆಡುತ್ತದೆ, ತೊಳೆಯದಿದ್ದರೆ ಕೊಳೆಯಾಗಿಯೇ ಉಳಿಯುತ್ತದೆ. ಈ ಇಕ್ಕಟ್ಟನ್ನು ಒಪ್ಪಿಕೊಳ್ಳುವ ಬದಲು ಕೆಲವರು ಸಮಾಧಾನದ ಉಪಾಯಗಳನ್ನು ಹಿಡಿದಿದ್ದಾರೆ. ವೋಡ್ಕಾ ಸಿಂಪಡಿಸುವುದು ಅದರಲ್ಲೊಂದು. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಆಲ್ಕೋಹಾಲು ಶೇಕಡಾ 60ರಿಂದ 90 ಇರಬೇಕು; ವೋಡ್ಕಾದಲ್ಲಿರುವುದು ಸುಮಾರು 40. ಬಲವಾದ ಸ್ಪಿರಿಟ್ ಆದರೂ ಹುರಿಯ ಒಳಗಿಳಿದು ಸಾಕಷ್ಟು ಹೊತ್ತು ನಿಲ್ಲುವ ಮೊದಲೇ ಆರಿಹೋಗುತ್ತದೆ. ಬಿಸಿಲು ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ, ಹೆಚ್ಚಾದರೆ ಲಿಗ್ನಿನ್ ಕೆಟ್ಟು ನಾರು ಹಳದಿಗಟ್ಟುತ್ತದೆ. ಬ್ಲೀಚಿಂಗ್ ನೀರು ರೋಗಾಣುವಿನ ಜೊತೆ ನಾರನ್ನೂ ತಿನ್ನುತ್ತದೆ. ಇತ್ತ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ಹರಡುವ ಶಕ್ತಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲಿ ಸೆಣಬಿನ ಹಗ್ಗವನ್ನು ನಂಜುರಹಿತ ಮಾಡಿದೆವು ಎಂದು ಯಾರೂ ಭರವಸೆ ಕೊಡಬಾರದು. ಭರವಸೆ ಕೊಡಬಹುದಾದ್ದು ಬೇರೆ: ಒಬ್ಬರಿಗೆ ಒಂದು ಕಟ್ಟು ಹಗ್ಗ, ಅವರ ಗುರುತು ಹಾಕಿದ್ದು, ಗುಹ್ಯಾಂಗಕ್ಕೆ ತಾಗುವುದು ಅದರಲ್ಲೂ ಬೇರೆ, ರಕ್ತ ತಾಗಿದ್ದು ಕಸಕ್ಕೆ. ಒಳ್ಳೆಯ ಹಗ್ಗ ದುಬಾರಿ ಎಂಬ ಮಾತು ನಿಜವೇ. ಆ ಖರ್ಚನ್ನು ಉಳಿಸಲು ಇನ್ನೊಬ್ಬರ ಚರ್ಮವನ್ನು ಒಡ್ಡುವ ಹಕ್ಕು ಯಾರಿಗೂ ಇಲ್ಲ.

ತೊಳೆಯಲೇಬೇಕಾದಾಗ ಹಗ್ಗವನ್ನು ಸಡಿಲ ಸರಪಳಿಯಾಗಿ ಹೆಣೆದು, ತಣ್ಣೀರಿನಲ್ಲಿ ಸೌಮ್ಯ ಸಾಬೂನು ಹಾಕಿ, ಬೇಗ ತೆಗೆಯಬೇಕು. ಒದ್ದೆ ಸೆಣಬು ಬಲ ಕಳೆದುಕೊಳ್ಳುತ್ತದೆ, ಅದಕ್ಕೇ ಒಣಗುವಾಗ ಹುರಿ ಬಿಚ್ಚದಷ್ಟು ಹಗುರಾದ ಎಳೆತವಷ್ಟೇ ಇರಲಿ. ಹೊರಗೆ ಒಣಗಿ ಒಳಗೆ ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಜಪಾನಿನ ಜೂನ್–ಜುಲೈ ಮಳೆಗಾಲ ಹಗ್ಗಕ್ಕೆ ಕೆಟ್ಟ ಕಾಲವಾಗುವುದು ಇದರಿಂದಲೇ. ನಮ್ಮ ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಇಡಬೇಕು.

ಹತ್ತಿ, ನೈಲಾನ್ ಹಗ್ಗಗಳನ್ನು ಕೀಳಾಗಿ ಕಾಣುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಹತ್ತಿ ಒದ್ದೆಯಾದಾಗ ಇನ್ನೂ ಬಲವಾಗುವ ನಾರು, ಬಿಸಿನೀರನ್ನು ತಾಳಿಕೊಳ್ಳುತ್ತದೆ. ನೈಲಾನನ್ನು ಬಲೆ ಚೀಲದಲ್ಲಿ ಹಾಕಿ ವಾಷಿಂಗ್ ಮೆಷಿನ್‌ನಲ್ಲಿ ಒಗೆಯಬಹುದು. ಭಾರ ಬಿದ್ದರೆ ಹತ್ತಿಯ ಗಂಟು ಬಿಚ್ಚಲು ಬಾರದಷ್ಟು ಬಿಗಿಯುತ್ತದೆ, ನೈಲಾನ್ ಹಿಗ್ಗುತ್ತದೆ, ಜಾರುತ್ತದೆ, ಬೇಗ ಎಳೆದರೆ ಚರ್ಮ ಸುಡುತ್ತದೆ. ಆದರೆ ನೆಲದ ಮೇಲಿನ ಸರಳ ಕಟ್ಟಿಗೆ, ಹಲವರು ಹಂಚಿಕೊಂಡು ಕಲಿಯುವ ತರಗತಿಗೆ, ಒಗೆಯಲು ಬರುವ ಹಗ್ಗವೇ ಜವಾಬ್ದಾರಿಯ ಆಯ್ಕೆ.

ಈ ವಿದ್ಯೆಯ ಅತ್ಯುತ್ತಮ ಅಂಶ ಯಾವುದೋ ಅದನ್ನೇ ಕೊನೆಗೆ, ಅವಸರದಲ್ಲಿ ಕಲಿಸುತ್ತಾರೆ: ತಪಾಸಣೆ. ಪ್ರತಿ ಸಲ ಸುತ್ತಿಡುವಾಗ ಹಗ್ಗವನ್ನು ಹೆಬ್ಬೆರಳು ತೋರುಬೆರಳ ನಡುವೆ ನಿಧಾನ ಹಾಯಿಸಬೇಕು, ಅಕ್ಕಿ ಆರಿಸುವ ಬೆರಳಿನ ಎಚ್ಚರದಲ್ಲಿ. ಸಂಶಯ ಬಂದ ಕಡೆ ಹುರಿಯನ್ನು ಹಿಮ್ಮುಖ ತಿರುಚಿ ಒಳಗೆ ನೋಡಬೇಕು. ಅಲ್ಲಿ ನಾರಿನ ಪುಡಿ ಉದುರಿದರೆ, ಬಣ್ಣ ಕಪ್ಪಾಗಿದ್ದರೆ, ಮುಗ್ಗು ವಾಸನೆ ಬಂದರೆ, ಒಂದು ಹುರಿ ಉಳಿದೆರಡಕ್ಕಿಂತ ಮೇಲೆದ್ದು ನಿಂತಿದ್ದರೆ ಅದರ ಮೇಲೆ ಯಾರ ಭಾರವನ್ನೂ ಹಾಕಬಾರದು. ತೂಗುಕಟ್ಟಿನ ಭಾರ ಹೊರುವ ಹಗ್ಗಗಳನ್ನು ಬೇರೆ ಇಟ್ಟು, ಬಳಕೆಗೆ ತಂದ ದಿನ ಬರೆದಿಟ್ಟು, ಸಂಶಯದ ಮೊದಲ ಗುರುತಿಗೇ ನಿವೃತ್ತಿ ಕೊಡಬೇಕು. ನಿವೃತ್ತ ಹಗ್ಗವನ್ನು ಕತ್ತರಿಸಿ ತುಂಡು ಮಾಡಬೇಕು, ಇಲ್ಲದಿದ್ದರೆ ಅದು ಒಂದು ದಿನ ತಿಳಿಯದೆ ಚೀಲಕ್ಕೆ ಮರಳುತ್ತದೆ.

ಬೇಯಿಸುವುದು, ಹೊಳಪಿಸುವುದು, ಸಿಂಪಡಿಸುವುದು ಮಾಡಿದವರಿಗೆ ನೆಮ್ಮದಿ ಕೊಡುತ್ತವೆ. ಮುಟ್ಟಿ ನೋಡುವುದು, ಗುರುತು ಹಾಕುವುದು, ಎಸೆಯುವುದು ಕಟ್ಟಿಸಿಕೊಳ್ಳುವವರಿಗೆ ರಕ್ಷಣೆ ಕೊಡುತ್ತವೆ. ಕಲಿಸುವ ಗುರುಗಳು ಪಾಠವನ್ನು ಈ ಎರಡನೆಯದರಿಂದ ಶುರುಮಾಡಲಿ. ಕಟ್ಟಿಸಿಕೊಳ್ಳುವವರು ಕೂಡ ಕಟ್ಟು ಬೀಳುವ ಮೊದಲು ಹಗ್ಗವನ್ನು ಕೈಗೆ ತೆಗೆದುಕೊಂಡು ನೋಡಲಿ, ಇದು ಯಾವಾಗಿನದು, ಯಾರ ಮೈಮೇಲೆ ಬಿದ್ದದ್ದು, ಕೊನೆಗೆ ತಪಾಸಿಸಿದ್ದು ಯಾವಾಗ ಎಂದು ಕೇಳಲಿ. ಒಪ್ಪಿಗೆಯ ಮೇಲೆ ನಿಂತ ಕಲೆಯಲ್ಲಿ ಈ ಪ್ರಶ್ನೆಗಳೂ ಒಪ್ಪಿಗೆಯ ಭಾಗ. ಅವಕ್ಕೆ ನೇರ ಉತ್ತರ ಇಲ್ಲದವರ ಹಗ್ಗ ಎಷ್ಟೇ ನಯವಾಗಿರಲಿ, ಅದನ್ನು ಬೇಡ ಎನ್ನುವುದೇ ಸರಿ.